ಮುಂಬೈಯಲ್ಲಿ ನಾಲ್ಕು ದಿನ, ಅಂಗೈಯಷ್ಟು ಹವಳ

ದಿನ 1

ಮತ್ಸ್ಯಗಂಧ ರೈಲು ಕುರ್ಲಾ ಟರ್ಮಿನಸ್ ಮುಟ್ಟಿದಾಗ ಊರಿಗೆಲ್ಲ ಬೆಳಗಾಗಿತ್ತು, ನನಗೆ ಮಾತ್ರ ಆಗಿರಲಿಲ್ಲ. ಕುಂದಾಪುರದಲ್ಲಿ ಹತ್ತಿದ ಮೇಲೆ ರಾತ್ರಿಯಿಡೀ ಕೊಂಕಣದ ಸುರಂಗಗಳ ಸದ್ದು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಚೀಲದಲ್ಲಿ ಎರಡು ಕೆಜಿ ಕುಚ್ಚಲಕ್ಕಿ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಜೊತೆಗೆ ಅಮ್ಮನ ಕೈಬರಹದ ಒಂದು ಚೀಟಿ. "ಹವಳ. ಐದು ಕ್ಯಾರಟ್ಟಿಗೆ ಕಡಿಮೆ ಬೇಡ. ಬಿರುಕು ಇರಬಾರದು."

ನಾನು ಬಂದದ್ದು ಎರಡು ಹವಳದ ಕೆಲಸಕ್ಕೆ. ಒಂದು ಅಮ್ಮನದು. ಅಣ್ಣನಿಗೆ ಹೆಣ್ಣು ಸಿಗುತ್ತಿಲ್ಲ, ಕುಜ ಸರಿ ಇಲ್ಲ, ಹವಳದ ಉಂಗುರ ಹಾಕಿಸಿ ಎಂದು ಜೋಯಿಸರು ಹೇಳಿದ್ದಾರೆ. ಹವಳ ಏನಿದ್ದರೂ ಮುಂಬೈಯದ್ದೇ ಆಗಬೇಕು ಎಂದು ಅಮ್ಮನ ಹಟ. ಇನ್ನೊಂದು ಕೆಲಸ ಮಾವನ ಮಗಳದು. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. "ಹುಣ್ಣಿಮೆ ಕಳೆದು ಎರಡನೇ ದಿನ ನೀನು ಇಲ್ಲಿರಬೇಕು. ಜೀವ ಇರೋ ಹವಳ ತೋರಿಸ್ತೇನೆ" ಎಂದು ಮೆಸೇಜ್ ಹಾಕಿದ್ದಳು. ಮುಂಬೈಯ ಸಮುದ್ರದಲ್ಲಿ ಹವಳವಾ? ನಾನು ನಗುವ ಮುಖವೊಂದನ್ನು ಕಳಿಸಿ ಸುಮ್ಮನಾಗಿದ್ದೆ.

ಮಾವನ ಮನೆ ಜೋಗೇಶ್ವರಿಯಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆರೆದರೆ ಎದುರಿಗೇ ಗಾಜಿನ ಶೋಕೇಸು. ಅದರಲ್ಲಿ ಯಕ್ಷಗಾನದ ಪುಟ್ಟ ಬೊಂಬೆ, ಗಣಪತಿ, ಯಾರದೋ ಮದುವೆಯಲ್ಲಿ ಕೊಟ್ಟ ಗಡಿಯಾರ. ಮಧ್ಯದಲ್ಲಿ ಒಂದು ಬಿಳಿ ಹವಳ. ಕೊಂಬೆ ಕೊಂಬೆಯಾಗಿ, ಎಲೆ ಉದುರಿದ ಗಿಡದ ಹಾಗೆ ಇದೆ. ಮಾವ ಹರೆಯದಲ್ಲಿ ತಂದದ್ದು. ಇದರದ್ದೇ ಜೋಡಿ ಒಂದು ನಮ್ಮ ಮನೆಯಲ್ಲೂ ಇತ್ತು. ಸಣ್ಣವನಿದ್ದಾಗ ಅದನ್ನು ನೆಕ್ಕಿ ನೋಡಿದ್ದೆ. ಸಮುದ್ರದ್ದಲ್ಲವಾ, ಉಪ್ಪು ಇರಬಹುದು ಎಂದು. ಧೂಳಿನ ರುಚಿ ಇತ್ತು. ಹವಳದ ಬಣ್ಣವೇ ಬಿಳಿ, ಪೇಟೆಯಲ್ಲಿ ಬಣ್ಣ ಹಾಕಿ ಕೆಂಪು ಮಾಡುತ್ತಾರೆ ಎಂದು ಬಹಳ ಕಾಲ ನಂಬಿದ್ದೆ.

ರಾತ್ರಿ ಊಟಕ್ಕೆ ಬಂಗುಡೆ ಸಾರು. ಊಟ ಆದ ಮೇಲೆ ಮಾವನ ಬಾಯಿ ಬಿಚ್ಚಿತು. ಮುಂಬೈಗೆ ಬರುವ ಮೊದಲು, ಎಪ್ಪತ್ತರ ದಶಕದಲ್ಲಿ, ಅವರು ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಯಲ್ಲಿ, ಅಂದರೆ ಸರಕಿನ ಹಾಯಿದೋಣಿಯಲ್ಲಿ, ಕೆಲಸಕ್ಕಿದ್ದರು. ಹೋಗುವಾಗ ಅಕ್ಕಿ, ಬೆಲ್ಲ, ಹೆಂಚು. ಬರುವಾಗ ಕೊಬ್ಬರಿ, ಮಾಸ್ ಮೀನು, ಅಂದರೆ ಒಣಗಿಸಿದ ಟ್ಯೂನಾ. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳ ಹೆಸರನ್ನು ನಾವು ತ್ರಾಸಿ, ಮರವಂತೆ ಅನ್ನುವಷ್ಟೇ ಸಲೀಸಾಗಿ ಹೇಳುತ್ತಾರೆ. ಅದರಲ್ಲಿ ಆಶ್ಚರ್ಯ ಇಲ್ಲ. ಅಮಿನದೀವಿ ಅನ್ನುವ ಆ ಗುಂಪು 1956ರವರೆಗೆ ನಮ್ಮ ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ನಮ್ಮ ಜಿಲ್ಲೆಗೆ ಹವಳದ ದ್ವೀಪಗಳಿದ್ದವು ಎಂದು ನಮಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ ನೋಡಿ.

"ದ್ವೀಪ ಕಾಣುವ ಮೊದಲು ಅದರ ಸದ್ದು ಕೇಳ್ತದೆ ಮಾರಾಯ" ಎಂದರು ಮಾವ. "ಗೋ... ಅಂತ. ಸಮುದ್ರದ ನಡುವೆ ಅಲೆ ಒಡೀತದೆ. ಅಲ್ಲಿ ಎಂತ ಉಂಟು ಒಡೀಲಿಕ್ಕೆ? ಕಣ್ಣಿಗೆ ಎಂತದೂ ಕಾಣುವುದಿಲ್ಲ. ನೀರಿನ ಅಡಿಯಲ್ಲಿ ಹವಳದ ದಿಬ್ಬ, ದ್ವೀಪಕ್ಕೆ ಬೇಲಿ ಕಟ್ಟಿದ ಹಾಗೆ. ಅದರಲ್ಲಿ ಒಂದು ಕಂಡಿ. ಕಂಡಿ ತಪ್ಪಿದರೆ ಮಂಜಿ ಪುಡಿ. ಹೊರಗೆ ಆಳೆತ್ತರದ ಅಲೆ. ಕಂಡಿಯಲ್ಲಿ ನುಗ್ಗಿ ಒಳಗೆ ಬಂದರೆ ಹರಿವಾಣದಲ್ಲಿ ನೀರು ಇಟ್ಟ ಹಾಗೆ. ನಾವು ಅಲ್ಲೇ ಬಟ್ಟೆ ಒಗೀತಿದ್ದದ್ದು."

ಮಗಳು ಪಾತ್ರೆ ಒರೆಸುತ್ತಾ ನಡುವೆ ಬಾಯಿ ಹಾಕಿದಳು. ಹವಳದ ದಿಬ್ಬ ಸರಾಸರಿ ಅಲೆಯ ಶಕ್ತಿಯ ನೂರಕ್ಕೆ 97 ಪಾಲನ್ನು ಮುರಿಯುತ್ತದೆ ಎಂದು 2014ರಲ್ಲಿ ಬಂದ ಒಂದು ಜಾಗತಿಕ ಅಧ್ಯಯನ ಲೆಕ್ಕ ಹಾಕಿದೆಯಂತೆ. ಮಾವ "97 ಎಲ್ಲ ನನಗೆ ಗೊತ್ತಿಲ್ಲ. ಬಟ್ಟೆ ಒಗೆದದ್ದು ಗೊತ್ತು" ಎಂದರು.

ನನ್ನ ತಲೆಯಲ್ಲಿ ಉಳಿದದ್ದು ಬೇರೆ ಮಾತು. ಆ ದ್ವೀಪಗಳಲ್ಲಿ ಗುಡ್ಡ ಇಲ್ಲ, ಹೊಳೆ ಇಲ್ಲ. ಕಾಲ ಕೆಳಗಿನ ನೆಲವೇ ಹವಳ ಪುಡಿಯಾಗಿ ಆದ ಮರಳು. ಮಳೆ ನೀರು ಆ ಮರಳಿನಲ್ಲಿ ಇಳಿದು, ಉಪ್ಪು ನೀರಿನ ಮೇಲೆ ಕೆನೆಯ ಹಾಗೆ ತೇಲಿ ನಿಲ್ಲುತ್ತದೆ. ಬಾವಿಯಲ್ಲಿ ಸಿಗುವುದು ಅದೇ ಕೆನೆ. ಬೇಲಿ ಹೋದರೆ ಅಲೆ ಒಳಗೆ ಬರುತ್ತದೆ, ಬಾವಿ ಉಪ್ಪಾಗುತ್ತದೆ. ಹೊಸ ಮರಳು ಹುಟ್ಟುವುದೂ ನಿಲ್ಲುತ್ತದೆ.

ದಿನ 2

ನಾಲ್ಕೂವರೆಗೆ ಎಬ್ಬಿಸಿದಳು. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಮುಂಬೈಯಲ್ಲಿ ಆ ದಿನಗಳ ಇಳಿತ ಬೆಳಿಗ್ಗೆ ಆರು, ಏಳರ ಹೊತ್ತಿಗೆ ಬೀಳುತ್ತದೆ. "ಅಷ್ಟಮಿಗೆ ಬಂದಿದ್ರೆ ನಿನಗೆ ಮಲಗಬಹುದಿತ್ತು. ಅವತ್ತು ನೀರು ಸೋಮಾರಿ" ಎಂದರು ಮಾವ. ಎಪ್ಪತ್ತು ದಾಟಿದವರು, ನಮಗಿಂತ ಮೊದಲೇ ಚಪ್ಪಲಿ ಹಾಕಿ ನಿಂತಿದ್ದರು. ಖಾಲಿ ಲೋಕಲ್ ರೈಲಿನಲ್ಲಿ ಕುಳಿತು ಮಹಾಲಕ್ಷ್ಮಿಗೆ. ಮುಂಬೈ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ರೇಸ್ ಕೋರ್ಸಿನ ಪಕ್ಕದಿಂದ ನಡೆದು ಹಾಜಿ ಅಲಿಗೆ ಬಂದೆವು. ದರ್ಗಾಕ್ಕೆ ಹೋಗುವ ದಾರಿ ಉಬ್ಬರದಲ್ಲಿ ಮುಳುಗುತ್ತದೆ. ಈಗ ಎರಡೂ ಕಡೆ ಕಪ್ಪು ಬಂಡೆ ಬಯಲಾಗಿತ್ತು. ಮೇಲೆ ದಡದುದ್ದಕ್ಕೂ ಕಟ್ಟಿದ ಕೋಸ್ಟಲ್ ರೋಡಿನ ಸೇತುವೆಗಳು ಹಾವಿನ ಹಾಗೆ ಸುತ್ತಿಕೊಂಡಿವೆ. ಕೆಳಗೆ ನಾವು. ಗಾಳಿಯಲ್ಲಿ ಮೀನು, ಚರಂಡಿ, ಅಗರಬತ್ತಿ ಮೂರೂ ಸೇರಿದ ವಾಸನೆ.

"ಬಣ್ಣ ಕಂಡಲ್ಲಿ ಕಾಲಿಡಬೇಡಿ. ಕಲ್ಲು ಎತ್ತಿದರೆ ಇದ್ದ ಹಾಗೇ ಇಡಿ. ಏನನ್ನೂ ಮನೆಗೆ ತರುವ ಹಾಗಿಲ್ಲ" ಎಂದಳು ಅವಳು. ಕೊನೆಯ ಮಾತು ಹೇಳುವಾಗ ಅಪ್ಪನ ಮುಖ ನೋಡಿದಳು. ಮಾವ ದರ್ಗಾ ನೋಡಿದರು. ಮರೈನ್ ಲೈಫ್ ಆಫ್ ಮುಂಬೈ ಎಂಬ ತಂಡ 2017ರಿಂದ ಇಲ್ಲಿ ಜನರನ್ನು ಕರೆದುಕೊಂಡು ಹೋಗಿ ದಡದ ಜೀವಿಗಳನ್ನು ತೋರಿಸುತ್ತಿದೆ. ಇವಳಿಗೆ ಹುಚ್ಚು ಹಿಡಿದದ್ದು ಅಂಥ ಒಂದು ನಡಿಗೆಯಲ್ಲೇ.

ಹತ್ತು ಹೆಜ್ಜೆ ಇಡುವಷ್ಟರಲ್ಲಿ ನಾನು ಜಾರಿದೆ. ಕೈ ಊರಿದ್ದು ಕಲ್ಲಿಗೆ ಅಂಟಿದ ಮಳಿ ಚಿಪ್ಪಿನ ಮೇಲೆ. ಅಂಗೈ ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳಿತು. ಮಾವ ಕರವಸ್ತ್ರ ಕಟ್ಟಿ, "ಮೀನುಗಾರರ ಮನೆಯವನಾ ನೀನು?" ಎಂದು ಕೇಳಿ ಮುಂದೆ ಹೋದರು.

ಮೊದಲು ಕಂಡದ್ದು ಹಸಿರು ಚಾಪೆ. ಬಂಡೆಯ ಮೇಲೆ ಅಂಗಿ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಹಾಗೆ. ಝೋಆಂಥಿಡ್ ಅಂತೆ. ಹವಳದ ಹತ್ತಿರದ ನೆಂಟ, ಆದರೆ ಇದಕ್ಕೆ ಸುಣ್ಣದ ಮನೆ ಕಟ್ಟಲು ಬರುವುದಿಲ್ಲ. ಪಕ್ಕದ ಗುಂಡಿಯಲ್ಲಿ ಸನ್ಯಾಸಿ ಏಡಿಯೊಂದು ತನಗಿಂತ ದೊಡ್ಡ ಶಂಖ ಎಳೆಯುತ್ತಿತ್ತು. ಅದರ ಆಚೆ ಗುಟ್ಕಾ ಪ್ಯಾಕೆಟ್, ಪೂಜೆಯ ತೆಂಗಿನಕಾಯಿ, ಒಂದು ಮಗುವಿನ ಬೂಟು.

"ಇಗೋ" ಎಂದಳು.

ನನಗೆ ಏನೂ ಕಾಣಲಿಲ್ಲ. ಕಲ್ಲು ಕಂಡಿತು. ಅವಳು ಟಾರ್ಚು ಓರೆಯಾಗಿ ಹಿಡಿದಳು. ಆಗ ಕಂಡಿತು. ಅಂಗೈಯಷ್ಟು ಅಗಲ, ಬೂದು ಮಿಶ್ರಿತ ಕಂದು ಬಣ್ಣ. ಸೆಟ್ ದೋಸೆ ಕಾವಲಿಯ ಮೇಲಿರುವಾಗ ಮೇಲ್ಗಡೆ ತೂತು ತೂತು ಬೀಳುತ್ತದಲ್ಲ, ಥೇಟ್ ಹಾಗೆ. ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋದೆ. ಒಂದೊಂದು ತೂತಿನ ಅಂಚಿಗೆ ತೆಳು ಬಿಳಿ ಗೆರೆ. ಒಳಗೆ ನಕ್ಷತ್ರದ ಹಾಗೆ ನಡುವಿನ ಕಡೆಗೆ ಓಡುವ ಸಣ್ಣ ಸಣ್ಣ ಗೋಡೆ. ಮೇಲೆ ಒದ್ದೆ ಲೋಳೆ ಹೊಳೆಯುತ್ತಿತ್ತು. ಹೆಸರು ಫಾಲ್ಸ್ ಪಿಲ್ಲೋ ಕೋರಲ್. "ಸುಳ್ಳು ದಿಂಬು" ಎಂದು ಮಾವ ಕನ್ನಡ ಮಾಡಿದರು.

ಇದು ಹವಳ. ನನಗೆ ನಿಜಕ್ಕೂ ನಿರಾಸೆಯಾಯಿತು. ಪಾರಿಜಾತದ ತೊಟ್ಟಿನ ಬಣ್ಣವೂ ಇಲ್ಲ, ಶೋಕೇಸಿನ ಬಿಳಿಯೂ ಇಲ್ಲ. ಇವಳು ತೋರಿಸದಿದ್ದರೆ ಚಪ್ಪಲಿ ಕಾಲಿಟ್ಟು ಹೋಗುತ್ತಿದ್ದೆ. ಬರುವಾಗ ಎಷ್ಟರ ಮೇಲೆ ಇಟ್ಟಿದ್ದೇನೋ ಯಾರಿಗೆ ಗೊತ್ತು.

ಆಮೇಲೆ ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಒಂದೊಂದು ತೂತಿನಲ್ಲೂ ಒಂದೊಂದು ಪ್ರಾಣಿ. ಗಿಡ ಅಲ್ಲ, ಕಲ್ಲಂತೂ ಅಲ್ಲ. ಒಂದು ಹೊಟ್ಟೆ, ಒಂದು ಬಾಯಿ, ಬಾಯಿ ಸುತ್ತ ಎಳೆ ಎಳೆ ಕೈ. ತಿನ್ನುವುದೂ ಅದೇ ಬಾಯಿಂದ, ಹೊರಗೆ ಹಾಕುವುದೂ ಅದೇ ಬಾಯಿಂದ. ನೀರಿನಿಂದ ಸುಣ್ಣ ತೆಗೆದು ತನ್ನ ಬುಡಕ್ಕೆ ಬಟ್ಟಲು ಕಟ್ಟಿಕೊಳ್ಳುತ್ತದೆ. ಗುಂಡು ಜಾತಿಯ ಹವಳ ವರ್ಷಕ್ಕೆ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತದೆ. ಹಳೆಯವು ಸಾಯುತ್ತವೆ, ಅವುಗಳ ಸುಣ್ಣದ ಮೇಲೆ ಹೊಸವು ಕಟ್ಟುತ್ತವೆ. ಸಾವಿರಾರು ವರ್ಷ ಹೀಗೇ ನಡೆದರೆ ದಿಬ್ಬ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಹೀಗೆಯೇ 2,300 ಕಿಲೋಮೀಟರ್ ಉದ್ದ ಆಗಿದೆ.

ಆ ಕಂದು ಬಣ್ಣ ಹವಳದ್ದಲ್ಲ, ಬಾಡಿಗೆದಾರರದ್ದು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಲಕ್ಷಗಟ್ಟಲೆ ಇರುತ್ತದೆ. ಅದು ಬಿಸಿಲಿನಲ್ಲಿ ಸಕ್ಕರೆ ಮಾಡಿ ಮನೆ ಮಾಲೀಕನಿಗೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 90ರವರೆಗೂ ಈ ಬಾಡಿಗೆಯಿಂದಲೇ ಬರುವುದುಂಟು. ಇಂಥ ಬಾಡಿಗೆದಾರ ಮುಂಬೈಯಲ್ಲಿ ಯಾರಿಗೂ ಸಿಕ್ಕಿರಲಾರ. ಆದರೆ ನೀರಿನ ಬಿಸಿ ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ನಿಂತರೆ ಸಂಬಂಧ ಕೆಡುತ್ತದೆ. ಮಾಲೀಕ ಬಾಡಿಗೆದಾರನನ್ನು ಹೊರಗೆ ಹಾಕುತ್ತಾನೆ. ಹಾಕಿದ ಮೇಲೆ ತಾನೇ ಉಪವಾಸ. ಮೈ ಗಾಜಿನ ಹಾಗೆ ಪಾರದರ್ಶಕವಾಗಿ, ಒಳಗಿನ ಸುಣ್ಣ ಬೆಳ್ಳಗೆ ಕಾಣತೊಡಗುತ್ತದೆ. ಇದನ್ನೇ ಬ್ಲೀಚಿಂಗ್ ಅನ್ನುವುದು. ಬೇಗ ತಂಪಾದರೆ ಪಾಚಿ ಮರಳಿ ಸೇರುತ್ತದೆ, ಹವಳ ಬದುಕುತ್ತದೆ. ಆಗದಿದ್ದರೆ ಸಾಯುತ್ತದೆ, ಉಳಿಯುವುದು ಬಿಳಿ.

"ಅಂದರೆ ನಮ್ಮ ಶೋಕೇಸಿನದ್ದು..." ಎಂದೆ.

"ಎಲುಬು" ಎಂದಳು.

ಮಾವ ಏನೂ ಹೇಳಲಿಲ್ಲ. ಅವರು ತಂದ ಕಾಲಕ್ಕೆ ಅದನ್ನು ತಪ್ಪು ಎಂದು ಯಾರೂ ಹೇಳುತ್ತಿರಲಿಲ್ಲ. ದಿಬ್ಬ ಕಟ್ಟುವ ಹವಳ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ ಸೇರಿದ್ದು 2001ರಲ್ಲಿ. ಕಾಯ್ದೆಯ ಲೆಕ್ಕದಲ್ಲಿ ಈಗ ಈ ಸೆಟ್ ದೋಸೆಯೂ ಹುಲಿಯೂ ಒಂದೇ ಸಾಲಿನಲ್ಲಿವೆ.

ಮುಂಬೈಯಲ್ಲಿ ದಿಬ್ಬ ಇಲ್ಲ, ಅದನ್ನು ಸ್ಪಷ್ಟ ಹೇಳಬೇಕು. ನಮ್ಮ ದೇಶದ ದೊಡ್ಡ ದಿಬ್ಬಗಳು ಕಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳಲ್ಲಿವೆ. ಇಲ್ಲಿರುವುದು ಬಂಡೆಗೆ ಅಲ್ಲೊಂದು ಇಲ್ಲೊಂದು ಅಂಟಿದ ಸಣ್ಣ ಗುಂಪುಗಳು. ನೀರು ಕದಡಿದ ಚಹಾದ ಬಣ್ಣ, ಬಿಸಿಲು ಕೆಳಗೆ ಇಳಿಯುವುದಿಲ್ಲ, ದಿನಕ್ಕೆರಡು ಸಲ ನೀರು ಬಿಟ್ಟು ಹೋಗುತ್ತದೆ, ಮೇಲಿಂದ ಚರಂಡಿ. ಇಷ್ಟರಲ್ಲೂ ಇದು ಬದುಕಿದೆ. "ಬಾಂಬೆಗೆ ಬಂದ ನಮ್ಮವರ ಹಾಗೆ" ಎಂದು ಹೇಳಲು ಹೊರಟೆ. ಮಾವ ಕೈ ಎತ್ತಿ ತಡೆದರು. "ನಮ್ಮನ್ನು ಅದಕ್ಕೆ ಹೋಲಿಸಬೇಡ. ನಾವು ರೈಲು ಹತ್ತಿ ಬಂದದ್ದು, ಬೇಕಾದರೆ ಹತ್ತಿ ಹೋಗ್ತೇವೆ. ಇದಕ್ಕೆ ಹೋಗಲಿಕ್ಕೆ ಉಂಟಾ?"

ಆದರೆ ಹೋದವು ಕೆಲವು ಇವೆ. 10.58 ಕಿಲೋಮೀಟರ್‌ನ ಈ ಕೋಸ್ಟಲ್ ರೋಡಿಗೆಂದು ಸಮುದ್ರಕ್ಕೆ ಮಣ್ಣು ತುಂಬುವಾಗ, ಹಾಜಿ ಅಲಿ ಮತ್ತು ವರ್ಲಿಯ ಬಂಡೆಗಳಲ್ಲಿ ಹವಳದ 18 ಗುಂಪುಗಳು ಸಿಕ್ಕವು. 2020ರಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಸಲಹೆಯಂತೆ ಅವನ್ನು ಎಬ್ಬಿಸಿ ಕೊಲಾಬಾದ ನೇವಿ ನಗರ ಮತ್ತು ವರ್ಲಿಯ ಬೇರೆ ಜಾಗಕ್ಕೆ ಸಾಗಿಸಿದರು. ಹದಿನೆಂಟೂ ಸೇರಿ ಅರ್ಧ ಚದರ ಮೀಟರೂ ಇಲ್ಲ.

ಏಳೂಕಾಲಿಗೆ ನೀರು ತಿರುಗಿತು. ಸದ್ದಿಲ್ಲದೆ ಬರುತ್ತದೆ. ಬಿರುಕುಗಳಲ್ಲಿ ಮೊದಲು, ಆಮೇಲೆ ಗುಂಡಿಗಳಲ್ಲಿ, ಆಮೇಲೆ ನೋಡಿದರೆ ಕಾಲ ಹಿಂದೆ. ನಮ್ಮ ಸುಳ್ಳು ದಿಂಬಿನ ಮೇಲೆ ಒಂದು ತೆಳು ಅಲೆ ಹೋಯಿತು, ವಾಪಸ್ ಬಂತು, ಮತ್ತೆ ಹೋಯಿತು. ಮಾವ ಅಲ್ಲೇ ನಿಂತಿದ್ದರು. ಕರೆದು ಕರೆದು ಸಾಕಾಯಿತು.

ದಿನ 3

ಜವೇರಿ ಬಜಾರ್. ಜನರ ನಡುವೆ ಕೈಗಾಡಿ, ಕೈಗಾಡಿಗಳ ನಡುವೆ ದನ. ಒಂದು ಹಳೇ ಅಂಗಡಿ, ಅಗಲ ಮೂರು ಅಡಿ. ಅಂಗಡಿಯವರು ಕಾಗದದ ಪೊಟ್ಟಣ ಬಿಚ್ಚಿ ಐದಾರು ಕೆಂಪು ಹವಳ ಸುರಿದರು. "ಇಟಾಲಿಯನ್ ಮೂಂಗಾ" ಎಂದರು. ಎತ್ತಿನ ರಕ್ತದ ಕೆಂಪು ಅದು. ಜೊತೆಗೆ ಗಾಜು, ಪ್ಲಾಸ್ಟಿಕ್, ಬಣ್ಣ ಹಾಕಿದ ಬಿದಿರು ಹವಳ ಎಂಬ ಅಗ್ಗದ ಜಾತಿ, ಎಲ್ಲವನ್ನೂ ಅಸಲಿ ಕೆಂಪು ಹವಳ ಎಂದು ಮಾರುವವರ ಕಥೆಯನ್ನೂ ಹೇಳಿದರು. ಅವರು ಮಾತ್ರ ಹಾಗಲ್ಲವಂತೆ. ಬೆಲೆ ಕೇಳಿದೆ. ಪೊಟ್ಟಣ ಮಡಚಿ ಕೊಟ್ಟೆ.

ಈ ಕೆಂಪು ಹವಳ ನಿನ್ನೆ ಕಂಡದ್ದರ ದೂರದ ನೆಂಟ, ಅಷ್ಟೇ. ಇದು ದಿಬ್ಬ ಕಟ್ಟುವುದಿಲ್ಲ, ಮೈಯಲ್ಲಿ ಪಾಚಿ ಇಲ್ಲ. ಮೆಡಿಟರೇನಿಯನ್ ಸಮುದ್ರದ ಕತ್ತಲೆ ಗುಹೆಗಳಲ್ಲಿ ಸಣ್ಣ ಕೊಂಬೆಯಾಗಿ ಬೆಳೆಯುತ್ತದೆ. ದಪ್ಪ ಆಗುವುದು ವರ್ಷಕ್ಕೆ ಅರ್ಧ ಮಿಲಿಮೀಟರಿಗೂ ಕಡಿಮೆ. ಪೆನ್ಸಿಲಿನಷ್ಟು ಆಗಬೇಕಾದರೆ ಮನುಷ್ಯನಿಗೆ ಮದುವೆ ವಯಸ್ಸು ಬಂದಿರುತ್ತದೆ. ಹಳೇ ಕಾಲದಿಂದಲೂ ನಮ್ಮ ದೇಶ ಇದರ ದೊಡ್ಡ ಗಿರಾಕಿ. ಇಟಲಿಯ ಲಿವೋರ್ನೊ ಬಂದರಿನ ಯಹೂದಿ ವ್ಯಾಪಾರಿಗಳು ಗೋವಾಕ್ಕೆ ಹವಳ ಕಳಿಸಿ, ಅಲ್ಲಿನ ಸಾರಸ್ವತ ವ್ಯಾಪಾರಿಗಳಿಂದ ವಜ್ರ ತರಿಸಿಕೊಳ್ಳುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಕಾಗದದ ಮೇಲೆಯೇ ನಂಬಿಕೆ. ತೆಗೆದು ತೆಗೆದು ಮೇಲಿನ ನೀರಿನ ಹವಳ ಬರಿದಾಗುತ್ತಾ ಬಂದ ಮೇಲೆ, 50 ಮೀಟರಿಗಿಂತ ಕಡಿಮೆ ಆಳದಲ್ಲಿ ಕೀಳಬಾರದು ಎಂದು ಅಲ್ಲಿನ ಮೀನುಗಾರಿಕೆ ಆಯೋಗ 2011ರಲ್ಲಿ ನಿಯಮ ಮಾಡಿತು.

ಬೀದಿಯಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಲೋಕದ ಹವಳದ ಕಥೆಯೆಲ್ಲ ಹೇಳಿದೆ. ಅಮ್ಮ ಕೇಳಿದ್ದು ಒಂದೇ, "ಎಷ್ಟು ಹೇಳಿದರು?" ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಬೇಡ ಹಾಗಾದರೆ. ಅಜ್ಜಿಯ ಉಂಗುರ ಉಂಟಲ್ಲ, ಅದನ್ನೇ ದೊಡ್ಡ ಮಾಡಿಸುವ. ಕುಜನಿಗೆ ಹೊಸತೇ ಆಗಬೇಕೂಂತ ಎಲ್ಲಿ ಉಂಟು?" ಮೆಡಿಟರೇನಿಯನ್ ಸಮುದ್ರದ ಒಂದು ಕೊಂಬೆ ಹೀಗೆ ಉಳಿಯಿತು. ವಿಜ್ಞಾನಕ್ಕಿಂತ ರೇಟು ದೊಡ್ಡದು.

ಹತ್ತಿರದ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಮೀನು ಸಾಕುವ ಅಂಗಡಿಗಳಿವೆ. ತೊಟ್ಟಿಯಲ್ಲಿಡಲು ಗುಲಾಬಿ, ನೀಲಿ, ತಿಳಿ ಹಸಿರು ಹವಳಗಳು. ಎಲ್ಲಾ ರೆಸಿನ್ ಎಂಬ ಪ್ಲಾಸ್ಟಿಕ್ಕಿನವು. ನಿನ್ನೆ ನಾನು ಹಾಜಿ ಅಲಿಯಲ್ಲಿ ಹುಡುಕುತ್ತಿದ್ದದ್ದು ಇದನ್ನೇ ಅಂತ ಆಗ ಅನಿಸಿತು.

ಮಧ್ಯಾಹ್ನ ಮಾಟುಂಗಾ. ಮಾವನಿಗೆ ರಾಮ ನಾಯಕರ ಊಟದ ಮನೆ ಎಂದರೆ ದೇವಸ್ಥಾನ. 1942ರಿಂದ ಇರುವ ಜಾಗ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದ ದಿನ ಅವರು ಇಲ್ಲೇ ಬಂದು ಒಬ್ಬರೇ ಊಟ ಮಾಡಿದ್ದರಂತೆ. ಬಾಳೆ ಎಲೆ ಹಾಸಿದರು. ಮಗಳು ಎಲೆಯ ಉದ್ದ ಅಗಲ ಗೇಣಿನಲ್ಲಿ ಅಳೆದಳು. "ಆ ಹದಿನೆಂಟು ಗುಂಪೂ ಸೇರಿ ಹೆಚ್ಚು ಕಡಿಮೆ ಇಷ್ಟೇ" ಎಂದಳು. ಅದರ ಮೇಲೆ ಸಾರು, ಅನ್ನ, ಪಲ್ಯ ಬಂದು ಬಿತ್ತು.

ಒಂದು ಬಾಳೆ ಎಲೆಯಷ್ಟನ್ನು ಎತ್ತಿ ಬೇರೆ ಕಡೆ ಇಡಬಹುದು. ಅದು ಒಳ್ಳೆಯದೇ, ಮಾಡದೇ ಇರುವುದಕ್ಕಿಂತ. ಆದರೆ ಅಮಿನಿಯ ಬೇಲಿಯನ್ನು ಎತ್ತಿ ಎಲ್ಲಿಗೆ ಇಡುವುದು? ಲಕ್ಷದ್ವೀಪಕ್ಕೆ 1998, 2010, 2016ರಲ್ಲಿ ದೊಡ್ಡ ಬ್ಲೀಚಿಂಗ್ ಬಡಿಯಿತು, 2024ರಲ್ಲಿ ಮತ್ತೆ ಬಂತು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 1998ರಲ್ಲಿ ದಿಬ್ಬದ ಸುಮಾರು ನೂರಕ್ಕೆ 37 ಭಾಗ ಜೀವಂತ ಹವಳ ಇತ್ತು. 2022ಕ್ಕೆ ಅದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ಲೋಕದ ಲೆಕ್ಕವೂ ಚೆನ್ನಾಗಿಲ್ಲ. 2009ರಿಂದ 2018ರ ನಡುವೆ ಭೂಮಿಯ ಮೇಲಿನ ಹವಳದಲ್ಲಿ ನೂರಕ್ಕೆ 14 ಪಾಲು ಹೋಯಿತು. ಮೊದಲು ಬ್ಲೀಚಿಂಗ್‌ಗಳ ನಡುವೆ ಚೇತರಿಸಿಕೊಳ್ಳಲು ಹತ್ತಾರು ವರ್ಷ ಸಿಗುತ್ತಿತ್ತು. ಈಗ ಗಾಯ ಒಣಗುವ ಮೊದಲೇ ಇನ್ನೊಂದು ಏಟು.

ಮಾವನಿಗೆ ಅಂಕಿ ರುಚಿಸುವುದಿಲ್ಲ. ಅವರು ಮಾಸ್ ಮೀನಿನ ಕಡೆಗೆ ಎಳೆದರು, ಶುದ್ಧ ಸಸ್ಯಾಹಾರಿ ಊಟದ ಮನೆಯಲ್ಲಿ ಕುಳಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ದ್ವೀಪದವರು ಟ್ಯೂನಾ ಹಿಡಿಯುವುದು ಬಲೆಯಲ್ಲಿ ಅಲ್ಲ, ಗಾಳದ ಕೋಲಿನಲ್ಲಿ. ಅದಕ್ಕೆ ಮೊದಲು ಜೀವಂತ ಸಣ್ಣ ಮೀನು ಬೇಕು. ದೋಣಿಯಿಂದ ಅದನ್ನು ನೀರಿಗೆ ಎರಚಿದರೆ ಟ್ಯೂನಾ ಮೇಲೆ ಬರುತ್ತದೆ. ಆ ಸಣ್ಣ ಮೀನು ಸಿಗುವುದು ಹವಳದ ಕೊಂಬೆಗಳ ನಡುವೆ, ಬೇಲಿಯ ಒಳಗಿನ ನೀರಿನಲ್ಲಿ. "ಹವಳ ಇಲ್ಲದಿದ್ರೆ ಸಣ್ಣ ಮೀನು ಇಲ್ಲ. ಸಣ್ಣದು ಇಲ್ಲದಿದ್ರೆ ದೊಡ್ಡದು ಹೊರಗೆ ಎಷ್ಟು ಇದ್ದರೂ ಎಂತ ಮಾಡ್ತಿ? ಮಾಸ್ ಮೀನು ಇಲ್ಲದಿದ್ರೆ ಮಂಜಿಯಲ್ಲಿ ಎಂತ ತರ್ತಿ?" ಸಮುದ್ರದ ತಳದಲ್ಲಿ ಹವಳದ ದಿಬ್ಬಗಳಿರುವ ಜಾಗ ನೂರಕ್ಕೆ ಒಂದು ಪಾಲೂ ಇಲ್ಲ. ಆದರೂ ಸಮುದ್ರದ ಜೀವಿಗಳಲ್ಲಿ ನಾಲ್ಕನೇ ಒಂದು ಭಾಗ ಬದುಕಿನ ಯಾವುದೋ ಹಂತದಲ್ಲಿ ಅದನ್ನು ಆಶ್ರಯಿಸುತ್ತದೆ. ಮಗಳು ಇದನ್ನು ಹೇಳಿದಳು. ಮಾವ "ಅದನ್ನೇ ನಾನೂ ಹೇಳಿದ್ದು" ಎಂದು ಮಜ್ಜಿಗೆ ಕುಡಿದರು.

ದಿನ 4

ಮಧ್ಯಾಹ್ನದ ರೈಲು. ಬೆಳಿಗ್ಗೆ ಸ್ವಲ್ಪ ಹೊತ್ತು ಇತ್ತು ಎಂದು ವರ್ಲಿಯ ಮೀನುಗಾರರ ಕೇರಿ ಕೋಳಿವಾಡಕ್ಕೆ ಹೋದೆವು. ಮಾವನ ಹಳೇ ಪರಿಚಯದ, ಕೋಳಿ ಎಂಬ ಮೀನುಗಾರ ಸಮುದಾಯದ ದಂಪತಿ ಅಲ್ಲಿದ್ದಾರೆ. ಮಾವನ ಮರಾಠಿಗೆ ಇವತ್ತಿಗೂ ಕುಂದಾಪುರದ ರಾಗ. ಕೋಸ್ಟಲ್ ರೋಡಿನ ಕಂಬಗಳ ನಡುವೆ ದೋಣಿ ಹೋಗಲು 60 ಮೀಟರ್ ಜಾಗ ಬಿಡುತ್ತೇವೆ ಎಂದಿದ್ದರು, ಇವರು ಕೆಲಸ ನಿಲ್ಲಿಸಿ ಜಗಳ ಮಾಡಿದ ಮೇಲೆ 120 ಆಯಿತು. ಕೇಳಿದ್ದು ಅದಕ್ಕಿಂತ ಜಾಸ್ತಿ. ಆದರೆ ಆ ಮನೆಯ ಹೆಂಗಸಿನ ದೂರು ಕಂಬದ ಮೇಲಲ್ಲ. ಇಳಿತದಲ್ಲಿ ಬುಟ್ಟಿ ಹಿಡಿದು ಬಂಡೆಗೆ ಹೋಗಿ ಮಳಿ ಕೆತ್ತಿ ತರುತ್ತಿದ್ದ ಜಾಗ ಈಗ ರಸ್ತೆಯ ಕೆಳಗಿದೆ. ಗಂಡನ ದೋಣಿಯ ಹಾನಿಗೆ ಲೆಕ್ಕ ಇದೆ. ಬುಟ್ಟಿಗೆ ಲೆಕ್ಕ ಇಡುವವರು ಯಾರು?

ಹೊರಡುವಾಗ ಅವರು ಮನೆಗೆಂದು ಒಂದು ಗೋಬ್ರಾ ಕೊಟ್ಟರು. ನಮ್ಮ ಕಡೆ ಮುರು ಮೀನು ಅನ್ನುತ್ತೇವಲ್ಲ, ಕಲ್ಲು, ಹವಳಗಳ ಸಂದಿಯಲ್ಲಿ ಮನೆ ಮಾಡಿಕೊಂಡು ಬಾಯಿ ತೆರೆದು ಕಾಯುವ ಮೀನು. ಮಾವ ಅದರ ಕಿವಿರು ಎತ್ತಿ ನೋಡಿ, ತೃಪ್ತಿಯಿಂದ ಚೀಲಕ್ಕೆ ಹಾಕಿದರು.

ಮನೆಗೆ ಬಂದು ನಾನು ಚೀಲ ಕಟ್ಟುತ್ತಿದ್ದೆ. ಮಾವ ಶೋಕೇಸಿನ ಬಾಗಿಲು ತೆಗೆದು ಬಿಳಿ ಹವಳ ಹೊರಗೆ ತಂದರು. ಸಿಂಕಿನಲ್ಲಿ ಇಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೊಂಬೆ ಕೊಂಬೆ ತಿಕ್ಕಿದರು. ಬೂದು ನೀರು ಹರಿಯಿತು. ಒರೆಸಿ ಬೆಳಕಿಗೆ ಹಿಡಿದಾಗ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ತೂತುಗಳು ಕಂಡವು, ಮೈತುಂಬ. ಅಷ್ಟು ವರ್ಷ ಆ ಮನೆಗೆ ಬಂದಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಮಗಳು ಒಂದು ಸ್ಟಿಕ್ಕರ್ ಕೊಟ್ಟಳು, "ಮ್ಯೂಸಿಯಂನಲ್ಲಿ ಎಲ್ಲಿಂದ, ಯಾವಾಗ ಅಂತ ಬರೀತಾರೆ" ಎಂದು. ಮಾವ ಯೋಚಿಸಿ ಬರೆದರು: "ಅಮಿನಿ, 1974." ಬರೆದು ಹವಳದ ಬುಡಕ್ಕೆ ಅಂಟಿಸಿ ಗಣಪತಿಯ ಪಕ್ಕ ಇಟ್ಟರು.

ಆಮೇಲೆ ಗೋಡೆಯ ಕಾಲನಿರ್ಣಯ ತಿರುವಿ, ಮುಂದಿನ ಅಮಾವಾಸ್ಯೆ ಕಳೆದ ಎರಡನೇ ದಿನಕ್ಕೆ ಪೆನ್ನಿನಿಂದ ಸುತ್ತು ಹಾಕಿದರು.

"ಅವತ್ತು ನನಗೆ ಪರೀಕ್ಷೆ ಇದೆ ಅಪ್ಪ" ಎಂದಳು ಮಗಳು.

"ನಿನ್ನನ್ನು ಯಾರು ಕರೆದದ್ದು?" ಎಂದು ಮಾವ ನನ್ನನ್ನು ಸ್ಟೇಷನ್ನಿಗೆ ಬಿಡಲು ಚಪ್ಪಲಿ ಹುಡುಕತೊಡಗಿದರು.